ಇರಲಾರದೆ ಅಪ್‌ಡೇಟ್ ಮಾಡಿಕೊಂಡವನು

ಆ ರಾತ್ರಿ ನನ್ನ ಕಂಪ್ಯೂಟರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ವಿಡಿಯೊ ತಡವರಿಸುತ್ತಿರಲಿಲ್ಲ, ಪರದೆ ಮಿಣುಕುತ್ತಿರಲಿಲ್ಲ. ಮೂಲೆಯಲ್ಲಿ ಒಂದು ಪುಟ್ಟ ಸೂಚನೆ ಮಾತ್ರ: ಹೊಸ ಗ್ರಾಫಿಕ್ಸ್ ಡ್ರೈವರ್ (ಪರದೆಯ ಮೇಲೆ ಚಿತ್ರ ಮೂಡಿಸುವ ಕಾರ್ಡನ್ನು ನಡೆಸುವ ತಂತ್ರಾಂಶ) ಬಂದಿದೆ. ಗಂಟೆ ಹನ್ನೊಂದು. ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿನವರಿಗೆ ಆನ್‌ಲೈನ್ ಪ್ರೆಸೆಂಟೇಷನ್. ಇಂಥ ಹೊತ್ತಿನಲ್ಲೇ ನನ್ನ ಕೈ ತುರಿಸುವುದು.

‘ಕ್ಲೀನ್ ಇನ್‌ಸ್ಟಾಲ್’ ಅಂತ ಒಂದು ಚೌಕವಿತ್ತು. ಕ್ಲೀನ್ ಅಂದಮೇಲೆ ಒಳ್ಳೇದೇ ಅಲ್ವಾ? ಟಿಕ್ ಹಾಕಿದೆ. ಹಳೇ ಡ್ರೈವರಿನ ಜೊತೆಗೆ ನಾನು ಕೂತು ಹೊಂದಿಸಿಟ್ಟಿದ್ದ ಬಣ್ಣ, ಬೆಳಕುಗಳನ್ನೂ ಅದು ಗುಡಿಸಿ ಹಾಕುತ್ತದೆ ಅಂತ ಆಮೇಲೆ ತಿಳಿಯಿತು.

ಅರ್ಧದಲ್ಲಿ ಪರದೆ ಕಪ್ಪಾಯಿತು. ಅದು ಮಾಮೂಲು. ಒಬ್ಬ ಡ್ರೈವರ್ ಇಳಿದು ಇನ್ನೊಬ್ಬ ಹತ್ತುವಾಗ ಬಂಡಿ ನಿಲ್ಲಲೇಬೇಕು. ಹತ್ತರವರೆಗೆ ಎಣಿಸಿದೆ. ಇಪ್ಪತ್ತು. ನಲವತ್ತಕ್ಕೆ ಧೈರ್ಯ ಮುಗಿದು, ಪವರ್ ಬಟನ್ ಒತ್ತಿ ಹಿಡಿದೆ. (ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕೂ ಕೀ ಒಟ್ಟಿಗೆ ಒತ್ತಿದ್ದರೆ ಡ್ರೈವರ್ ಮತ್ತೆ ಶುರುವಾಗುವ ಸಾಧ್ಯತೆ ಇತ್ತು. ಗಾಬರಿಯಲ್ಲಿ ನನಗೆ ಹೊಳೆದದ್ದು ಒಂದೇ ಬಟನ್.)

ಮತ್ತೆ ಆನ್ ಮಾಡಿದರೆ ಐಕಾನ್‌ಗಳು ತಟ್ಟೆಯಷ್ಟಾಗಿದ್ದವು! ಹೊಸ ಡ್ರೈವರ್ ಪೂರ್ತಿ ಕೂತಿರಲಿಲ್ಲ. ಪಾಪ, ಕಂಪ್ಯೂಟರ್ ತನ್ನಲ್ಲಿದ್ದ ಬೇಸಿಕ್ ಡ್ರೈವರಿನಲ್ಲೇ 1024×768 ಅನ್ನುವ ಕಡಿಮೆ ರೆಸಲ್ಯೂಷನ್ನಿನಲ್ಲಿ ದಿನ ತಳ್ಳುತ್ತಿತ್ತು. ಡಿವೈಸ್ ಮ್ಯಾನೇಜರಿನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಬಟನ್ ಹುಡುಕಿದೆ. ಇತ್ತು, ಆದರೆ ಮಂಕಾಗಿ, ಒತ್ತಲು ಬಾರದಂತೆ. ವಾಪಸ್ ಹೋಗೋಕೆ ಹಳೇದು ಉಳಿದಿದ್ದರೆ ತಾನೇ?

ಸದ್ದಿಗೆ ಮಗಳು ಎದ್ದು ಬಂದಳು.

“ಅಪ್ಪಾ, ಏನಾಗಿತ್ತು ಇದಕ್ಕೆ?”

“ಏನೂ ಆಗಿರಲಿಲ್ಲ.”

“ಮತ್ಯಾಕೆ ಮುಟ್ಟಿದ್ರಿ?”

“ಹೊಸದು ಬಂದಿತ್ತು.”

ಅವಳು ಮಾತಾಡಲಿಲ್ಲ. ಫೋನಿನಲ್ಲಿ ಆ ಡ್ರೈವರಿನ ರಿಲೀಸ್ ನೋಟ್ಸ್, ಅಂದರೆ ಏನೇನು ಸರಿಮಾಡಿದ್ದಾರೆ ಅನ್ನುವ ಪಟ್ಟಿ, ತೆಗೆದು ಓದಿದಳು. ಹೊಸ ಗೇಮ್ ಆಡುವವರಿಗೆ, ಆ ಪಟ್ಟಿಯ ತೊಂದರೆ ಇರುವವರಿಗೆ, ಸೆಕ್ಯುರಿಟಿ ದೋಷ ಸರಿಪಡಿಸಿದ್ದರೆ ಎಲ್ಲರಿಗೂ ಅಪ್‌ಡೇಟ್ ಬೇಕಂತೆ. ನನಗೆ ಸಿಕ್ಕಿದ್ದು? ನಾವು ಆಡದ ಗೇಮಿಗೆ, ನಮ್ಮಲ್ಲಿಲ್ಲದ ಗ್ರಾಫಿಕ್ಸ್ ಕಾರ್ಡಿನಲ್ಲಿ ಬರುತ್ತಿದ್ದ ತೊಂದರೆಗೆ ಪರಿಹಾರ. ಕೆಳಗೆ, ಇನ್ನೂ ಸರಿಯಾಗದ ತೊಂದರೆಗಳ ಪಟ್ಟಿ: ಎರಡು ಮಾನಿಟರ್ ಇದ್ದರೆ ಪರದೆ ಮಿಣುಕಬಹುದು. ನಮ್ಮಲ್ಲಿರೋದು ಎರಡು ಮಾನಿಟರ್.

“ಸೇಫ್ ಮೋಡಿಗೆ, ಅಂದ್ರೆ ಅತ್ಯಗತ್ಯದ್ದು ಮಾತ್ರ ನಡೆಯೋ ಸ್ಥಿತಿಗೆ ಹೋಗಿ, ಎಲ್ಲ ತೆಗೆದು, ಹಳೇದನ್ನೇ ಹಾಕಬೇಕು. ನಾಳೆ ನೋಡೋಣ, ಮಲಗಿ” ಅಂದಳು.

ಬೆಳಿಗ್ಗೆ ತಟ್ಟೆ ಗಾತ್ರದ ಐಕಾನ್‌ಗಳ ಆ ಪರದೆಯಲ್ಲೇ ಪ್ರೆಸೆಂಟೇಷನ್ ಮುಗಿಸಿದೆ. ಕೊನೆಗೆ ಮ್ಯಾನೇಜರ್ ಬಾಯಿಬಿಟ್ಟರು: “ಈ ಸಲ ಅಕ್ಷರ ಎಷ್ಟು ಚೆನ್ನಾಗಿ ಕಾಣ್ತಿದೆ! ಇನ್ಮೇಲೆ ಹೀಗೇ ಇಟ್ಕೊಳ್ಳಿ.”