ಅರ್ಕಾವತ್ತಿನ ಆಟಗಾರ

ಬ್ರೆಟ್ ಫಾರ್ವ್ ಹೆಸರನ್ನು ಇಂಗ್ಲಿಷಿನಲ್ಲಿ ಬರೆದ ಹಾಗೇ ಓದಿದರೆ ‘ಫಾವ್ರೆ’ ಆಗುತ್ತದೆ. ವ ಮೊದಲು, ರ ಆಮೇಲೆ. ಬಾಯಿಗೆ ಬರುವಾಗ ಮಾತ್ರ ರ ಕ್ಯೂ ತಪ್ಪಿಸಿ ಮುಂದೆ ನುಗ್ಗುತ್ತದೆ. ಅಮೆರಿಕದ ಫುಟ್‌ಬಾಲ್ ಅಭಿಮಾನಿಗಳಿಗೆ ಇದೊಂದು ಮುಗಿಯದ ಜೋಕು. ಮೈಸೂರಿನಿಂದ ಆರು ತಿಂಗಳ ವೀಸಾದಲ್ಲಿ ಮಿನಿಯಾಪೊಲಿಸ್‌ಗೆ ಬಂದಿದ್ದ ನಮ್ಮ ಮಾವನಿಗೆ ಇದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. “ಅರ್ಕಾವತ್ತು ಕಣಪ್ಪ. ಪರ್ವತ ಅಂತ ಬರೆಯುವಾಗ ಅರ್ಕ ವ ಆದಮೇಲೆ ತಾನೇ ಬರೋದು? ಓದುವಾಗ ಅದನ್ನೇ ಮೊದಲು ಓದಲ್ವೆ? ಇವನ ವಂಶದಲ್ಲಿ ಯಾರೋ ಕನ್ನಡ ಶಾಲೆಗೆ ಹೋಗಿರಬೇಕು.”

ಅದು 2009ರ ಆಗಸ್ಟ್. ಹದಿನಾರು ಸೀಸನ್ ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಆಡಿ, 2008ರ ಮಾರ್ಚಿನಲ್ಲಿ ಕ್ಯಾಮೆರಾ ಮುಂದೆ ಗಳಗಳನೆ ಅತ್ತು ನಿವೃತ್ತನಾಗಿದ್ದ ಈ ಕ್ವಾರ್ಟರ್‌ಬ್ಯಾಕ್ (ತಂಡದ ಪರ ಚೆಂಡೆಸೆಯುವ ಮುಖ್ಯ ಆಟಗಾರ) ಕೆಲವೇ ತಿಂಗಳಲ್ಲಿ ನ್ಯೂಯಾರ್ಕ್ ಜೆಟ್ಸ್ ಸೇರಿದ್ದ. ಮತ್ತೆ ನಿವೃತ್ತನಾದ. ಈಗ ಪ್ಯಾಕರ್ಸ್‌ನವರ ಹುಟ್ಟುಹಗೆಗಳಾದ ನಮ್ಮೂರ ವೈಕಿಂಗ್ಸ್‌ಗೆ ಬರುತ್ತಿದ್ದ. ಖುದ್ದು ಕೋಚೇ ಸೇಂಟ್ ಪಾಲ್ ವಿಮಾನ ನಿಲ್ದಾಣಕ್ಕೆ ಹೋಗಿ ಕಾರಿನಲ್ಲಿ ಕೂರಿಸಿಕೊಂಡು ಬಂದರು. ಕಾರಿನ ಮೇಲೆ ಟೀವಿಯವರ ಹೆಲಿಕಾಪ್ಟರ್‌ಗಳು.

ಮಾವ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಎಕ್ಸ್‌ಟೆನ್ಷನ್ ಸಿಕ್ಕೇ ಸಿಗುತ್ತದೆ ಎಂದು ಕಾದು, ಸಿಗದೆ, ಒಂದು ಶಾಲು, ಒಂದು ಹಾರ, ಒಂದು ಗೋಡೆ ಗಡಿಯಾರದೊಂದಿಗೆ ಮನೆಗೆ ಬಂದವರು. ಹೆಲಿಕಾಪ್ಟರ್ ನೋಡನೋಡುತ್ತ ಅವರ ಮುಖ ಬಿಗಿಯಿತು. “ಎರಡು ಸಲ ಸೆಂಡಾಫ್ ತಗೊಂಡಿದಾನೆ. ಹಾರದ ದುಡ್ಡು ವಾಪಸ್ ಕೊಟ್ಟನಂತೋ?”

ಹಾಗೆಂದರೂ ಅಂದಿನಿಂದ ಭಾನುವಾರ ಟೀವಿ ಅವರದೇ. ಫುಟ್‌ಬಾಲ್ ಎಂದು ಹೆಸರಿಟ್ಟು ಕೈಯಲ್ಲಿ ಎಸೆಯುವ ಈ ಆಟದ ನಿಯಮಗಳು ಇಷ್ಟು ವರ್ಷ ಇಲ್ಲಿದ್ದ ನನಗೇ ಅರ್ಧಂಬರ್ಧ. ಮಾವ ಅದನ್ನು ಸರ್ವಿಸ್ ರೂಲ್ಸ್ ಥರ ಅರೆದು ಕುಡಿದರು. ಪ್ಯಾಕರ್ಸ್ ಪರ 1992ರಲ್ಲಿ ಫಾರ್ವ್ ಪೂರ್ತಿ ಮಾಡಿದ ಮೊದಲ ಪಾಸ್, ಎದುರಾಳಿಗೆ ತಗುಲಿ ವಾಪಸ್ ಬಂದು ಅವನ ಕೈಗೇ ಬಿದ್ದಿತ್ತು. ತಂಡಕ್ಕೆ ಏಳು ಗಜ ನಷ್ಟ. “ತಾನೇ ಫೈಲ್ ಕಳಿಸಿ ತಾನೇ ರಿಸೀವ್ ಮಾಡೋದು. ನಮ್ಮಲ್ಲಿ ದಿನಾ ನಡೀತಿತ್ತು” ಎಂದರು ಮಾವ.

ನನಗೆ ಉರಿಯುತ್ತಿದ್ದದ್ದು ಬೇರೆ ಕಾರಣಕ್ಕೆ. ನಮ್ಮ ಕಚೇರಿಯವರು ರಾತ್ಲಿಸ್‌ಬರ್ಗರ್, ಹೂಶ್‌ಮಂಜಾದೆ ಎಂಬ ಆಟಗಾರರ ಹೆಸರುಗಳನ್ನು ಬಾಯಲ್ಲಿ ಬರ್ಗರ್ ಇಟ್ಟುಕೊಂಡೇ ಸಲೀಸಾಗಿ ಹೇಳುತ್ತಿದ್ದರು. ಅದೇ ಜನಕ್ಕೆ ನನ್ನ ಹೆಸರು ಬಂದರೆ ಗಂಟಲು ಕಟ್ಟುತ್ತಿತ್ತು. ಅದು ನನ್ನ ಹೆಸರೂ ಅಲ್ಲ ಬಿಡಿ, ಊರಿನ ಹೆಸರು. ಪಾಸ್‌ಪೋರ್ಟಿನವರು ಇನಿಷಿಯಲ್ ಬಿಡಿಸಿ ಬರೆಯಿರಿ ಎಂದದ್ದರಿಂದ ಎಚ್ ಎಂಬ ಒಂದಕ್ಷರ ಹೊಳೆನರಸೀಪುರವಾಗಿ ಹರಡಿಕೊಂಡು, ಅಮೆರಿಕಕ್ಕೆ ಬಂದಿಳಿಯುವಷ್ಟರಲ್ಲಿ ಅದೇ ಫಸ್ಟ್ ನೇಮ್ ಆಗಿತ್ತು. ಅಪ್ಪ ಅಮ್ಮ ತೊಟ್ಟಿಲಲ್ಲಿ ಇಟ್ಟ ಹೆಸರು ದಾಖಲೆಯ ಯಾವುದೋ ಮೂಲೆಯಲ್ಲಿ ಮಲಗಿದೆ. ಕಚೇರಿಯಲ್ಲಿ ನಾನು ‘ಹೋಲಿ’.

ಹೆಸರು ತಿರುಚುವುದು ಇಲ್ಲಿ ಹೊಸದೇನಲ್ಲ. ಜೋ ಥೀಸ್‌ಮನ್ ಎಂಬ ಆಟಗಾರ 1970ರಲ್ಲಿ ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಯ ಸ್ಪರ್ಧೆಯಲ್ಲಿದ್ದಾಗ, ಪ್ರಾಸ ಕೂಡಲಿ ಎಂದು ಅವನ ಕಾಲೇಜಿನ ಪ್ರಚಾರಾಧಿಕಾರಿ ಅವನನ್ನು ‘ಥೈಸ್‌ಮನ್’ ಮಾಡಿಬಿಟ್ಟರು. ಟ್ರೋಫಿ ಜಿಮ್ ಪ್ಲಂಕೆಟ್‌ಗೆ ಹೋಯಿತು. ಥೈಸ್‌ಮನ್ ಥೈಸ್‌ಮನ್ನಾಗಿಯೇ ಉಳಿದ.

ಅಕ್ಟೋಬರ್ 5ರಂದು ವೈಕಿಂಗ್ಸ್–ಪ್ಯಾಕರ್ಸ್ ಪಂದ್ಯ. ಕಚೇರಿಯ ಉತ್ಸಾಹಿಗಳು ಎಲ್ಲರಿಗೂ ನೇರಳೆ ಜೆರ್ಸಿ ಮಾಡಿಸಿದರು, ಬೆನ್ನ ಮೇಲೆ ಅವರವರ ಫಸ್ಟ್ ನೇಮ್. ನನ್ನದಕ್ಕೆ ಇಂಗ್ಲಿಷಿನ 14 ಅಕ್ಷರ. ಬೆನ್ನು ಸಾಲದೆ ‘ಹೊಳೆ’ ಎಡತೋಳಿನ ಮೇಲೆ ಹರಿದಿತ್ತು, ‘ಪುರ’ ಬಲತೋಳಿನ ಕಂಕುಳಲ್ಲಿ ನೆಲೆಸಿತ್ತು, ಬೆನ್ನಿನ ನಡುವೆ ದಪ್ಪಕ್ಷರದಲ್ಲಿ ‘ನರಸಿ’ ಮಾತ್ರ. ಕೈ ಎತ್ತಿದಾಗಲಷ್ಟೇ ಪೂರ್ತಿ ಊರು ಕಾಣುತ್ತಿತ್ತು.

ಪಂದ್ಯ ನೋಡಲು ಪಕ್ಕದ ಮನೆಗೆ ಹೋದೆವು. ಅಲ್ಲಿದ್ದ, ಪ್ಯಾಕರ್ಸ್‌ನ ತವರಾದ ವಿಸ್ಕಾನ್ಸಿನ್ ರಾಜ್ಯದ ಮೂಲದವರೊಬ್ಬರು ಫಾರ್ವ್ ಎಸೆದಾಗಲೆಲ್ಲ ಮೈದುನನೇ ಮನೆ ಬರೆಸಿಕೊಂಡ ಹಾಗೆ ನಿಟ್ಟುಸಿರು ಬಿಡುತ್ತಿದ್ದರು. ಮಧ್ಯೆ ನನ್ನ ಬೆನ್ನು ನೋಡಿ, ಈ ನರಸಿ ಹೊಸ ಹುಡುಗನೇ, ಯಾವ ಪೊಸಿಷನ್ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾವ ಇಂಗ್ಲಿಷಿನಲ್ಲಿ ಗಂಭೀರವಾಗಿ ಉತ್ತರ ಕೊಟ್ಟರು: “ಡಿಫೆನ್ಸ್. ಗೋಲ್ ಲೈನ್ ಮೇಲೇ ಆಡೋದು. ಒಳಗೂ ಅಲ್ಲ, ಹೊರಗೂ ಅಲ್ಲ. ಎದುರಾಳಿಯನ್ನು ತೊಡೆ ಮೇಲೆ ಹಾಕ್ಕೊಂಡು ಸೀಳಿಬಿಡ್ತಾನೆ.” ಆತ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು. ವೈಕಿಂಗ್ಸ್ 30–23ರಿಂದ ಗೆದ್ದರು.

ಜನವರಿಯಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಆ ಸೀಸನ್ ಮುಗಿಯಿತು. ಸ್ಕೋರ್ 28–28, ಕೊನೆಯ ಕ್ಷಣ, 40 ವರ್ಷದ ಫಾರ್ವ್ ಓಡುತ್ತಲೇ ಮೈದಾನದ ಅಡ್ಡಕ್ಕೆ ಎಸೆದ ಚೆಂಡು ಸೀದಾ ಎದುರಾಳಿ ಟ್ರೇಸಿ ಪೋರ್ಟರ್ ಕೈಗೆ. ಹೆಚ್ಚುವರಿ ಅವಧಿಯಲ್ಲಿ ಸೋಲು. ಮಾವ ರಿಮೋಟ್ ಕೆಳಗಿಟ್ಟು, “ಹಾರ ರೆಡಿ ಮಾಡಿ ಅನ್ನು” ಎಂದು ಮಲಗಲು ಹೋದರು.

ಮುಂದಿನ ಆಗಸ್ಟಿಗೆ ಮಾವ ಮೈಸೂರಿನಲ್ಲಿದ್ದರು. ಫಾರ್ವ್ ಮತ್ತೆ ಬರಲೊಲ್ಲೆ ಎನ್ನುತ್ತಿದ್ದ. ಮೂವರು ಸಹ ಆಟಗಾರರು ವಿಮಾನ ಹತ್ತಿ ಮಿಸಿಸಿಪ್ಪಿಯ ಅವನ ಮನೆಗೇ ಹೋಗಿ ಕರೆತಂದರು. ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, “ಮೂರು ಜನಾನಾ? ನಮ್ಮ ಆಫೀಸಿಂದ ಒಬ್ಬ ಪ್ಯೂನ್ ಕೂಡ ಬರಲಿಲ್ಲವಲ್ಲಯ್ಯ” ಎಂದರು. ಹಿಂದಿನಿಂದ ಅತ್ತೆಯ ದನಿ: “ಬಂದಿದ್ದರೆ ಆಟೋ ದುಡ್ಡು ನಾನೇ ಕೊಟ್ಟು ಕಳಿಸ್ತಿದ್ದೆ.”