ರಾತ್ರಿ ಶಾಲೆ, ರಾತ್ರೋರಾತ್ರಿ ಡಿಗ್ರಿ

ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಶೆಟ್ಟರು ಬಂಗುಡೆ ಕೊಳ್ಳುವುದನ್ನು ನೀವು ನೋಡಬೇಕು. ಕಿವಿರು ಎತ್ತಿ ಕೆಂಪಿದೆಯೇ ನೋಡುತ್ತಾರೆ, ಹೊಟ್ಟೆ ಒತ್ತುತ್ತಾರೆ, ಮೂಸುತ್ತಾರೆ, ಮೀನಿನವಳಿಂದ ಮೂರು ಸಲ ಬೈಸಿಕೊಂಡ ಮೇಲೆ ಅರ್ಧ ಕಿಲೋ ತರುತ್ತಾರೆ. ಇಂಥವರು ಅಕ್ಕನ ಮಗನಿಗೆ ತೊಂಬತ್ತು ಸಾವಿರದ ಆನ್‌ಲೈನ್ ಎಂಬಿಎ ಕೊಡಿಸಲು ಹೊರಟಾಗ ಮಾತ್ರ ಮೂಸಿ ಕೂಡ ನೋಡಲಿಲ್ಲ. "ವೆಬ್‌ಸೈಟಲ್ಲಿ ಕಟ್ಟಡದ ಫೋಟೋ ಉಂಟು ಮಾರಾಯ್ರೆ. ಕಂಬಗಳೇ ಎಷ್ಟು ದಪ್ಪ!"

ಜಾಹೀರಾತು ಅವರ ಕಣ್ಣಿಗೆ ಬಿದ್ದದ್ದು ಲೋಕಲ್ ಟ್ರೈನಿನ ಬಾಗಿಲ ಪಕ್ಕ, ಬಾಬಾ ಬಂಗಾಲಿಯ ಸ್ಟಿಕರಿನ ಕೆಳಗೆ. ಮೇಲಿನವರು ಬಿಟ್ಟುಹೋದ ಹೆಂಡತಿಯನ್ನು ವಾಪಸ್ ತರಿಸುತ್ತಾರೆ, ಕೆಳಗಿನವರು ಬಿಟ್ಟುಹೋದ ಡಿಗ್ರಿಯನ್ನು. ಫೋನ್ ನಂಬರು ಬೇರೆ ಬೇರೆ, ಗ್ಯಾರಂಟಿ ಒಂದೇ.

ಶೆಟ್ಟರು ಓದಿನ ಬೆಲೆ ತಿಳಿಯದವರಲ್ಲ. ಹಗಲು ಹೋಟೆಲಿನಲ್ಲಿ ಮೇಜು ಒರೆಸಿ, ರಾತ್ರಿ ಕನ್ನಡ ರಾತ್ರಿ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಮೆಟ್ರಿಕ್ ಮುಗಿಸಿದ ಮುಂಬಯಿ ಕನ್ನಡಿಗರ ಪೀಳಿಗೆಯವರು. ಗಣಿತದಲ್ಲಿ ಎರಡು ಸಲ ಫೇಲಾದದ್ದನ್ನು ಈಗಲೂ ಪದಕದಂತೆ ತೋರಿಸುತ್ತಾರೆ. ರಾತ್ರಿ ಶಾಲೆಯ ಕಾಲ ಹೋಯಿತು, ಈಗ ರಾತ್ರೋರಾತ್ರಿ ಶಾಲೆಯ ಕಾಲ ಎಂದು ಅವರಿಗೆ ಯಾರೋ ನಂಬಿಸಿದ್ದರು.

ನನ್ನ ಮುಂದೆಯೇ ಸ್ಪೀಕರಿಗೆ ಹಾಕಿ ಫೋನ್ ಮಾಡಿದರು. ಆ ಕಡೆ 'ಸೀನಿಯರ್ ಅಕಾಡೆಮಿಕ್ ಕೌನ್ಸೆಲರ್'. ಜೇನು ಅಂದರೆ ಜೇನು. ಹಾಜರಿ? ಬೇಡ ಸರ್. ಪರೀಕ್ಷೆ? ಮನೆಯಲ್ಲೇ, ಪುಸ್ತಕ ನೋಡಿಕೊಂಡು. ಹುಡುಗನಿಗೆ ಎರಡು ವರ್ಷ ಹಿಂದಿನ ಸರ್ಟಿಫಿಕೇಟು ಬೇಕಾದರೆ? "ಯಾವ ತಿಂಗಳು ಹಾಕಲಿ ಸರ್?"

ಮಾನ್ಯತೆ ಇದೆಯೇ ಎಂದು ನಾನು ಬಾಯಿ ಹಾಕಿದೆ. ಐಎಸ್‌ಒ 9001 ಇದೆ ಎಂದ. ಅದು ಕೆಲಸದ ಪದ್ಧತಿಗೆ ಸಿಗುವ ಪತ್ರ, ಚಕ್ಕುಲಿ ಕಾರ್ಖಾನೆಗೂ ಸಿಗುತ್ತದೆ. ಮತ್ತೆ? ಯಾವುದೋ 'ಇಂಟರ್‌ನ್ಯಾಷನಲ್ ಅಕ್ರೆಡಿಟೇಶನ್ ಕೌನ್ಸಿಲ್' ಅಂತೆ. ಆಮೇಲೆ ಹುಡುಕಿ ನೋಡಿದರೆ ಕೌನ್ಸಿಲ್ಲಿಗೂ ವಿಶ್ವವಿದ್ಯಾಲಯಕ್ಕೂ ಒಂದೇ ವಿಳಾಸ. ವರನ ಗುಣ ವಿಚಾರಿಸಲು ಹೋದರೆ ವರನೇ ಮೀಸೆ ಅಂಟಿಸಿಕೊಂಡು ಸೋದರಮಾವನಾಗಿ ಬಂದ ಹಾಗೆ.

ಇದು ಹೊಸ ವಿದ್ಯೆಯೇನಲ್ಲ. 2004ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಸರ್ಕಾರಿ ವಕೀಲರು ಕೋಲ್ಬಿ ಎಂಬ ಬೆಕ್ಕಿನ ಹೆಸರಲ್ಲಿ 299 ಡಾಲರ್ ಕಟ್ಟಿ ಪದವಿಗೆ ಅರ್ಜಿ ಹಾಕಿಸಿದರು. ಟೆಕ್ಸಾಸಿನ 'ವಿಶ್ವವಿದ್ಯಾಲಯ' ಬೆಕ್ಕಿನ ಅನುಭವ ಮೆಚ್ಚಿ, ಇನ್ನೊಂದು ನೂರು ಡಾಲರ್ ಸೇರಿಸಿದರೆ ಎಂಬಿಎಯನ್ನೇ ಕೊಡುತ್ತೇವೆಂದಿತು, ಕೊಟ್ಟಿತು ಕೂಡ. ಅದೂ 4ಕ್ಕೆ 3.5 ಅಂಕ! ನಾವೇನು ಕಡಿಮೆಯೇ? ಗೋಕಾಕದ ಕರದಂಟು ತಿಂದೇ ದೊಡ್ಡವರಾದ ನಮಗೆ ಅಲ್ಲೊಂದು 'ವರ್ಲ್ಡ್ ಓಪನ್ ಯೂನಿವರ್ಸಿಟಿ' ಉಂಟೆಂದು ತಿಳಿದದ್ದು, ದೇಶದ ವಿಶ್ವವಿದ್ಯಾಲಯಗಳ ಮೇಲೆ ಕಣ್ಣಿಡುವ ಕೇಂದ್ರದ ಆಯೋಗ ಯುಜಿಸಿಯ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಿಂದ.

ಶಿಕ್ಷೆಯೂ ಭಯಂಕರ. 1956ರ ಯುಜಿಸಿ ಕಾಯ್ದೆಯ 24ನೇ ಕಲಮಿನಲ್ಲಿ, ಅಧಿಕಾರವಿಲ್ಲದೆ ಪದವಿ ಕೊಟ್ಟವರಿಗೆ ಬರೆದಿಟ್ಟ ದಂಡ ಹೆಚ್ಚೆಂದರೆ 1000 ರೂಪಾಯಿ. ಲೋಕಲಿನಲ್ಲಿ ಟಿಕೆಟಿಲ್ಲದೆ ಸಿಕ್ಕಿಬಿದ್ದರೆ ಕನಿಷ್ಠ 250. ಅಂದರೆ ಥಾಣೆಯಲ್ಲಿ ನಾಲ್ಕು ಸಲ ಟಿಸಿ ಕೈಗೆ ಸಿಕ್ಕವನೂ ನಕಲಿ ಕುಲಪತಿಯೂ ಈ ಕಲಮಿನ ತಕ್ಕಡಿಯಲ್ಲಿ ಸಮಸಮ.

ಕಿವಿರು ಎತ್ತಿ ನೋಡುವ ದಾರಿ ಇದೆ ಎಂದೆ ಶೆಟ್ಟರಿಗೆ. ಯುಜಿಸಿಯ ದೂರಶಿಕ್ಷಣ ವಿಭಾಗದ ಪೋರ್ಟಲಿನಲ್ಲಿ ವಿಶ್ವವಿದ್ಯಾಲಯದ ಹೆಸರಿದ್ದರೆ ಸಾಲದು. ಆ ಕೋರ್ಸು, ಆ ವರ್ಷದ ಪ್ರವೇಶ, ಎಲ್ಲ ಅಲ್ಲಿರಬೇಕು. ಆನ್‌ಲೈನ್ ಬಿ.ಟೆಕ್, ಆನ್‌ಲೈನ್ ಪಿಎಚ್‌ಡಿ ಎಂದು ಯಾರಾದರೂ ಹೇಳಿದರೆ ಮುಂದಿನ ಮಾತೇ ಬೇಡ, ನಿಯಮದಲ್ಲಿ ಅವಕ್ಕೆ ಜಾಗವಿಲ್ಲ. '10 ದಿನದ ಎಂಬಿಎ'ಯನ್ನು ನಂಬಬೇಡಿ ಎಂದು 2024ರಲ್ಲಿ ಯುಜಿಸಿಯೇ ಪ್ರಕಟಣೆ ಹೊರಡಿಸಬೇಕಾಯಿತು. ಹತ್ತು ದಿನದಲ್ಲಿ ಉಪ್ಪಿನಕಾಯಿಯೂ ಹದಕ್ಕೆ ಬರುವುದಿಲ್ಲ.

"ಪೋರ್ಟಲು ಗೀರ್ಟಲು ನನಗೆ ತಿಳಿಯುವುದಿಲ್ಲ" ಎಂದರು ಶೆಟ್ಟರು.

ಹಾಗಾದರೆ ಇನ್ನೊಂದು ಪರೀಕ್ಷೆ ಇದೆ, ನನ್ನದೇ ಸಂಶೋಧನೆ: ಗದರಿಸಿದರೆ ಅಸಲಿ, ಸರ್ ಸರ್ ಎಂದರೆ ನಕಲಿ. ಅಸಲಿ ವಿಶ್ವವಿದ್ಯಾಲಯದಲ್ಲಿ ಕಿಟಕಿ ನಂಬರ್ 4 ನಿಮ್ಮನ್ನು 11ಕ್ಕೆ ಕಳಿಸುತ್ತದೆ, 11 ಊಟಕ್ಕೆ ಹೋಗಿರುತ್ತದೆ. 1857ರಲ್ಲಿ ಹುಟ್ಟಿದ ಮುಂಬಯಿ ವಿಶ್ವವಿದ್ಯಾಲಯವನ್ನೇ ನೋಡಿ. 2017ರಲ್ಲಿ ಉತ್ತರಪತ್ರಿಕೆಗಳನ್ನು ಕಂಪ್ಯೂಟರ್ ಪರದೆಯ ಮೇಲೆ ತಿದ್ದಲು ಹೊರಟು, ಫಲಿತಾಂಶ ತಿಂಗಳುಗಟ್ಟಲೆ ತಡವಾಗಿ, ಕೊನೆಗೆ ಕುಲಪತಿಯೇ ಹುದ್ದೆ ಕಳೆದುಕೊಂಡರು. ಅಸಲಿತನಕ್ಕೆ ಇದಕ್ಕಿಂತ ಪುರಾವೆ ಬೇಕೇ? ನಕಲಿಯವನು ಒಂದು ದಿನವೂ ತಡ ಮಾಡುವುದಿಲ್ಲ.

ಶೆಟ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮತ್ತೆ ಫೋನ್ ಹಚ್ಚಿದರು.

"ಒಂದು ವಿಷಯ ಕೇಳಬೇಕಿತ್ತು. ನಮ್ಮ ಹುಡುಗ ಗಣಿತದಲ್ಲಿ ಸ್ವಲ್ಪ ಹಿಂದೆ. ನಿಮ್ಮಲ್ಲಿ ಫೇಲ್ ಆಗಲಿಕ್ಕೆ ಆಗ್ತದಾ?"

ಮೊದಲ ಸಲ ಆ ಕಡೆ ಜೇನು ಗಟ್ಟಿಯಾಯಿತು.

"ಅಂಥದ್ದು ಈವರೆಗೆ ಯಾರೂ ಕೇಳಿಲ್ಲ ಸರ್. ಮ್ಯಾನೇಜರ್ ಹತ್ತಿರ ಮಾತಾಡಿ ಹೇಳ್ತೇನೆ. ಚಾರ್ಜು ಸ್ವಲ್ಪ ಎಕ್ಸ್‌ಟ್ರಾ ಆಗಬಹುದು."