ಬಾಟ್ಲಿ ಹಿಡ್ಕೊಂಡು ಬಂದ್ರು, ಓಡ್ರಪ್ಪೋ!

100 ಮೀಟರ್ ಫೈನಲ್ ಅಂದ್ರೆ ಏನಿರ್ಬೇಕು ಹೇಳಿ, ಎಂಟು ಲೇನು, ಎಂಟು ಜನ, ಒಂದು ಗನ್ನು. 2023ರ ಸೆಪ್ಟೆಂಬರ್ ಕೊನೇಲಿ ದೆಹಲಿಯ ಜವಾಹರಲಾಲ್ ನೆಹರೂ ಸ್ಟೇಡಿಯಂನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟ ನಡೀತಲ್ಲ, ಅದರ ಕೊನೇ ದಿನ ಪುರುಷರ 100 ಮೀಟರ್ ಫೈನಲ್‌ಗೆ ಲೇನು ಎಂಟೂ ಇದ್ವು, ಗನ್ನೂ ಇತ್ತು, ಓಡಕ್ಕೆ ಬಂದು ನಿಂತವನು ಮಾತ್ರ ಒಬ್ಬನೇ ಒಬ್ಬ. ಉಳಿದ ಏಳು ಜನಕ್ಕೂ ಅದೇ ದಿನ ಅದೇ ಮುಹೂರ್ತಕ್ಕೆ ಸರಿಯಾಗಿ ತೊಡೆ ಹಿಡ್ಕೊಂಡಿತ್ತು, ಮೀನಖಂಡ ಎಳೆದಿತ್ತು, ಏನೇನೋ ಆಗಿತ್ತು. ಈ ಸಾಮೂಹಿಕ ಸೆಳೆತಕ್ಕೆ ಕಾರಣ ಏನಪ್ಪಾ ಅಂದ್ರೆ, ನಾಡಾ, ಅಂದ್ರೆ ನಮ್ಮ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕದವರು, ಮೂತ್ರದ ಸ್ಯಾಂಪಲ್ ಬಾಟ್ಲಿ ಹಿಡ್ಕೊಂಡು ಮೈದಾನಕ್ಕೆ ಕಾಲಿಟ್ಟಿದ್ರು ಅಷ್ಟೇ. ಮುಂದಿನ ಸಿಗ್ನಲ್‌ನಲ್ಲಿ ಪೊಲೀಸ್ ನಿಂತಿದ್ದಾನೆ ಅಂತ ಗೊತ್ತಾದ ತಕ್ಷಣ ಹೆಲ್ಮೆಟ್ ಇಲ್ಲದ ಗಾಡಿಗಳೆಲ್ಲ ಒನ್ ವೇನಲ್ಲೇ ತಿರುಗಿ ಹೋಗ್ತಾವಲ್ಲ, ಥೇಟ್ ಹಾಗೆ ಖಾಲಿಯಾಗಿತ್ತು ಟ್ರ್ಯಾಕು.

ಇನ್ನೊಂದು ಸೀನ್ ಇದೆ, ಇದನ್ನ ನಾನು ಕಟ್ಟಿ ಹೇಳ್ತಿಲ್ಲ, ಪೇಪರ್‌ನಲ್ಲೇ ಬಂದಿದ್ದು. ಅದೇ ಕೂಟದಲ್ಲಿ ಜೂನಿಯರ್ ಹುಡುಗಿಯರ ಸ್ಟೀಪಲ್‌ಚೇಸ್. 3000 ಮೀಟರ್‌ನದಾದ್ರೆ ದಾರೀಲಿ 28 ಸಲ ಅಡ್ಡಪಟ್ಟಿ ಹಾರಬೇಕು, 7 ಸಲ ನೀರಿನ ಗುಂಡಿ ದಾಟಬೇಕು, ಇದೆಲ್ಲ ಮುಗಿಸಿ ಫಿನಿಶಿಂಗ್ ಲೈನ್ ಮುಟ್ಟೋ ಹೊತ್ತಿಗೆ ಮಾಮೂಲಿ ಮನುಷ್ಯರು ನೆಲಕ್ಕೆ ಬಿದ್ದು ಮೀನಿನ ಥರ ಬಾಯಿ ಬಿಡ್ತಿರ್ತಾರೆ. ಇಲ್ಲಿ ಒಬ್ಬ ಹುಡುಗಿ ಲೈನ್ ದಾಟಿದ್ಲು, ಅಲ್ಲಿ ಡೋಪಿಂಗ್ ಆಫೀಸರ್ ನಿಂತಿರೋದು ನೋಡಿದ್ಲು, ನಿಲ್ಲಲೇ ಇಲ್ಲ ಕಣ್ರೀ, ಹಾಗೇ ಮುಂದಕ್ಕೆ ಓಡ್ತಾನೇ ಹೋದ್ಲು, ಹಿಂದಿಂದ ಆಫೀಸರ್ ಓಡಿದ್ರು. ಆಫೀಸರ್‌ಗೆ ಟೈಮಿಂಗ್ ಎಷ್ಟು ಬಂತು ಅಂತ ಯಾರೂ ನೋಟ್ ಮಾಡ್ಕೊಂಡಿಲ್ಲ, ಅದೊಂದು ಬೇಜಾರು ನಂಗೆ. ಸರ್ಕಾರಿ ನೌಕರ, ಶೂ ಬೇರೆ ಸರಿ ಇರ್ಲಿಲ್ವೇನೋ, ಯಾವ ಮದ್ದೂ ತಗೊಳ್ದೆ ಸ್ಟೀಪಲ್‌ಚೇಸ್‌ನವಳ ಹಿಂದೆ ಓಡೋದು ಅಂದ್ರೆ ಅವತ್ತಿನ ಆ ಸ್ಟೇಡಿಯಂನಲ್ಲಿ ಅದೇ ದೊಡ್ಡ ಸಾಧನೆ.

ಇದಕ್ಕೆ ಒಂದೆರಡು ದಿನ ಮುಂಚೆ ಅದೇ ಸ್ಟೇಡಿಯಂನ ಟಾಯ್ಲೆಟ್‌ನಲ್ಲಿ ಬಳಸಿ ಬಿಸಾಕಿದ ಸಿರಿಂಜ್‌ಗಳು ಬಿದ್ದಿರೋ ವಿಡಿಯೋ ಓಡಾಡಿತ್ತು. ಅದನ್ನ ನೋಡೇ ನಾಡಾ ಎದ್ದು ಬಂದಿದ್ದು. ಅಂದ್ರೆ ನಮ್ಮ ವ್ಯವಸ್ಥೆ ಹೇಗೆ ಕೆಲಸ ಮಾಡತ್ತೆ ನೋಡಿ, ಮೊದ್ಲು ಟಾಯ್ಲೆಟ್ ವೈರಲ್ ಆಗ್ಬೇಕು.

ಈಗ ಈ ಸ್ಯಾಂಪಲ್ ತಗೊಳ್ಳೋ ಕಾರ್ಯಕ್ರಮಕ್ಕೆ ಯಾಕೆ ಇಷ್ಟು ಭಯ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ಬಿಡ್ತೀನಿ. ನಿಮ್ಮನ್ನ ಆರಿಸಿದ್ದೀವಿ ಅಂತ ಒಬ್ರು ಬಂದು ಸೈನ್ ಹಾಕಿಸ್ಕೊಂಡ ಮೇಲೆ ನೀವು ಎಲ್ಲಿ ಹೋದ್ರೂ ಅವರು ನಿಮ್ಮ ಜೊತೇಲೇ ಇರ್ತಾರೆ, ಮದುವೆಮನೇಲಿ ಹುಡುಗನ ಸೋದರಮಾವ ಕೂಡ ಅಷ್ಟು ಅಂಟ್ಕೊಂಡಿರಲ್ಲ. ಆಮೇಲೆ ಅವರ ಕಣ್ಣೆದುರಿಗೇ ಬಾಟ್ಲಿ ತುಂಬಿಸ್ಬೇಕು, ಕಮ್ಮಿ ಅಂದ್ರೂ 90 ಎಂಎಲ್. ನಮ್ ಕಡೆ ನೈಂಟಿ ಅಂದ್ರೆ ಒಳಗೆ ಹೋಗೋದು, ಇಲ್ಲಿ ಹೊರಗೆ ಬರ್ಬೇಕು, ಅಷ್ಟೇ ವ್ಯತ್ಯಾಸ. ಅದನ್ನ ಎ ಬಾಟ್ಲಿ, ಬಿ ಬಾಟ್ಲಿ ಅಂತ ಎರಡು ಪಾಲು ಮಾಡಿ ಸೀಲ್ ಹಾಕ್ತಾರೆ. ಎ ಬಾಟ್ಲೀಲಿ ಸಿಕ್ಕಿಬಿದ್ರೆ ಬಿ ಬಾಟ್ಲಿ ತೆಗೆಸಿ ನೋಡಿ ಅಂತ ಕೇಳೋ ಹಕ್ಕಿದೆ. ಬಿ ಬಾಟ್ಲೀಲೂ ಸಿಕ್ಕಿಬಿದ್ರೆ ನಮ್ಮಲ್ಲಿ ಮುಂದಿನ ಹಂತ ಅಂದ್ರೆ ಅಡುಗೆಯವನ ಮೇಲೆ ಹಾಕೋದು.

ತಮಾಷೆಗೆ ಹೇಳ್ತಿಲ್ಲ. 2016ರಲ್ಲಿ ರಿಯೋ ಒಲಿಂಪಿಕ್ಸ್‌ಗೆ ಹೊರಟಿದ್ದ ಕುಸ್ತಿಪಟು ನರಸಿಂಗ್ ಯಾದವ್ ಸಿಕ್ಕಿಬಿದ್ದಾಗ ಊಟ ತಿಂಡೀಲಿ ಯಾರೋ ಬೇಕಂತ್ಲೇ ಬೆರೆಸಿದ್ರು ಅನ್ನೋ ವಾದ ಬಂತು, ನಾಡಾ ಅದನ್ನ ಒಪ್ಕೊಂಡು ಕ್ಲೀನ್ ಚಿಟ್ ಕೊಟ್ಟು ಕಳಿಸೇ ಬಿಡ್ತು, ಅಲ್ಲಿ ರಿಯೋಗೆ ಹೋದ ಮೇಲೆ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯವರು ಈ ಕತೆ ನಮಗೆ ಬೇಡ ಅಂತ ನಾಲ್ಕು ವರ್ಷ ನಿಷೇಧ ಹಾಕಿದ್ರು. ನಮ್ಮ ಮನೆಯೋರು ಒಪ್ಕೊಂಡ ಸುಳ್ಳು ಪಕ್ಕದ ಮನೆಯೋರು ಯಾಕೆ ಒಪ್ಪಲ್ಲ ಅನ್ನೋದೇ ನಮಗೆ ಇವತ್ತಿಗೂ ಅರ್ಥ ಆಗದೇ ಇರೋ ವಿಷಯ. ಸುಳ್ಳೋ ನಿಜಾನೋ ಆ ದೇವರಿಗೇ ಗೊತ್ತು ಬಿಡಿ, ಆದ್ರೆ ದೇಶದ ಕ್ರೀಡಾ ಕ್ಯಾಂಪ್‌ನ ಅಡುಗೆಮನೆಗೆ ಯಾರು ಬೇಕಾದ್ರೂ ನುಗ್ಗಿ ಏನು ಬೇಕಾದ್ರೂ ಬೆರೆಸಬಹುದು ಅನ್ನೋದನ್ನ ನಾವೇ ಹೆಮ್ಮೆಯಿಂದ ವಾದ ಮಾಡಿದ್ವಲ್ಲ, ಅದು ಚೆನ್ನಾಗಿತ್ತು.

ಅಂಕಿಅಂಶಕ್ಕೆ ಬಂದ್ರೆ 2022ರಿಂದ 2024ರವರೆಗೆ ಮೂರು ವರ್ಷವೂ ನಾವೇ ವಿಶ್ವಗುರು. ವಿಶ್ವ ಉದ್ದೀಪನ ಮದ್ದು ತಡೆ ಘಟಕ, ಅದೇ ವಾಡಾ, ಅವರ ಲೆಕ್ಕದ ಪ್ರಕಾರ 2023ರಲ್ಲಿ ನಮ್ಮ 5606 ಸ್ಯಾಂಪಲ್‌ನಲ್ಲಿ 213 ಪಾಸಿಟಿವ್, 2024ರಲ್ಲಿ 260. ಜಾಸ್ತಿ ಟೆಸ್ಟ್ ಮಾಡೋ ದೇಶಗಳ ಪೈಕಿ ಮೊದಲನೇ ಸ್ಥಾನ, ಅದೂ ಸತತವಾಗಿ. ಒಲಿಂಪಿಕ್ಸ್ ಪದಕ ಪಟ್ಟೀಲಿ ನಮ್ಮ ದೇಶ ಹುಡುಕಕ್ಕೆ ಮೊಬೈಲ್ ಸ್ಕ್ರೀನನ್ನ ಬೆರಳು ನೋಯೋವರೆಗೂ ಮೇಲಕ್ಕೆ ತಳ್ತಾ ಇರ್ಬೇಕು, ಈ ಪಟ್ಟೀಲಿ ಆ ತೊಂದರೆನೇ ಇಲ್ಲ, ತೆಗೆದ ತಕ್ಷಣ ನಾವೇ. ಕೇಳಿದ್ರೆ ನಮ್ಮಲ್ಲಿ ಟೆಸ್ಟ್ ಜಾಸ್ತಿ ಮಾಡ್ತೀವಿ ಅದಕ್ಕೇ ಜಾಸ್ತಿ ಸಿಗ್ತಾರೆ ಅಂತಾರೆ. ಚೀನಾದವರು ನಮಗಿಂತ ಎಷ್ಟೋ ಪಟ್ಟು ಜಾಸ್ತಿ ಟೆಸ್ಟ್ ಮಾಡ್ತಾರೆ ಸ್ವಾಮಿ, ಅವರಿಗೆ ನಮ್ಮಷ್ಟು ಸಿಕ್ಕಿಲ್ಲ. ಅವರು ಪ್ರಾಮಾಣಿಕರೋ ಜಾಣರೋ ಅನ್ನೋದು ಬೇರೆ ಚರ್ಚೆ, ಅದಕ್ಕೆ ನಾನು ಬರಲ್ಲ.

ಇನ್ನು ಟೆಸ್ಟ್ ಮಾಡೋ ಲ್ಯಾಬಿನ ವಿಷಯ. ದೆಹಲೀಲಿರೋ ನಮ್ಮ ರಾಷ್ಟ್ರೀಯ ಡೋಪ್ ಪರೀಕ್ಷಾ ಲ್ಯಾಬನ್ನೇ 2019ರ ಆಗಸ್ಟ್‌ನಲ್ಲಿ ವಾಡಾ ಸಸ್ಪೆಂಡ್ ಮಾಡಿತ್ತು, ಗುಣಮಟ್ಟ ಸರಿ ಇಲ್ಲ ಅಂತ. ವಾಪಸ್ ಮಾನ್ಯತೆ ಸಿಕ್ಕಿದ್ದು 2021ರ ಡಿಸೆಂಬರ್‌ನಲ್ಲಿ. ಓಟಗಾರರ ಜೊತೆ ಲ್ಯಾಬೂ ಟೆಸ್ಟ್‌ನಲ್ಲಿ ಫೇಲ್ ಆಗೋ ಇಂಥ ಸಮಾನತೆ ಬೇರೆಲ್ಲಿ ಸಿಗತ್ತೆ ಹೇಳಿ. ಪುಣ್ಯಕ್ಕೆ ಲ್ಯಾಬಿಗೆ ಕಾಲಿರಲಿಲ್ಲ, ಇದ್ದಿದ್ರೆ ಅದೂ ಓಡ್ತಿತ್ತು.

1988ರ ಸೋಲ್ ಒಲಿಂಪಿಕ್ಸ್ ಜ್ಞಾಪಕ ಇರೋರಿಗೆ ಬೆನ್ ಜಾನ್ಸನ್ ಗೊತ್ತಿರತ್ತೆ. ಕೆನಡಾದವನು, 100 ಮೀಟರ್‌ನ 9.79 ಸೆಕೆಂಡ್‌ನಲ್ಲಿ ಓಡಿ ಕಾರ್ಲ್ ಲೂಯಿಸ್‌ನ ಹಿಂದೆ ಹಾಕಿ ಕೈ ಮೇಲೆತ್ತಿದ, ಮೂರು ದಿನದಲ್ಲಿ ಸ್ಟಾನೊಜೊಲಾಲ್ ಅನ್ನೋ ಸ್ಟೀರಾಯ್ಡ್ ಸಿಕ್ಕಿ ಚಿನ್ನ ಹೋಯ್ತು. ಆಗ ಪ್ರಪಂಚವೇ ಬಾಯ್ ಬಡ್ಕೊಂಡಿತ್ತು. ನನಗೇನನ್ಸತ್ತೆ ಅಂದ್ರೆ, ಆ ಮನುಷ್ಯ ಕೊನೇಪಕ್ಷ ಪ್ರಪಂಚದ ಅತಿ ದೊಡ್ಡ ಓಟಕ್ಕೆ ಮೋಸ ಮಾಡಿದ. ನಮ್ಮವರು ಮಾಡ್ತಿರೋದು ರಾಜ್ಯಮಟ್ಟದ ಕೂಟಕ್ಕೆ, ಯೂನಿವರ್ಸಿಟಿ ಮೀಟ್‌ಗೆ, ಗ್ಯಾಲರೀಲಿ ನಾಯಿ ಮಲ್ಕೊಂಡಿರೋ ಮೈದಾನಕ್ಕೆ. ಕಿಡ್ನಿ ಕೆಟ್ಟು ಡಯಾಲಿಸಿಸ್ ಮಾಡಿಸ್ಕೊಳ್ಳೋರಿಗೆ ರಕ್ತ ಕಮ್ಮಿ ಆದಾಗ ಕೊಡೋ ಈಪಿಓ ಇಂಜೆಕ್ಷನ್ನನ್ನ ಹತ್ತೊಂಬತ್ತು ವರ್ಷದ ಗಟ್ಟಿ ಹುಡುಗ ಟಾಯ್ಲೆಟ್‌ನಲ್ಲಿ ನಿಂತು ಚುಚ್ಕೊಳ್ಳೋದು ಒಂದು ಸ್ಟೀಲ್ ಕಪ್ಪು, ಒಂದು ಸರ್ಟಿಫಿಕೇಟ್‌ಗೆ.

ಆ ಸರ್ಟಿಫಿಕೇಟ್ ಅಂದ್ರೆ ಸುಮ್ನೆ ಅಲ್ಲ ಮಾರಾಯ್ರೆ, ಅದೇ ಇರೋದು ಇಲ್ಲಿ. ಹೋಬಳಿ ಮಟ್ಟದಿಂದ ತಾಲ್ಲೂಕು, ತಾಲ್ಲೂಕಿಂದ ಜಿಲ್ಲೆ, ಜಿಲ್ಲೆಯಿಂದ ರಾಜ್ಯ ಅಂತ ಹತ್ತಿದವರಿಗೆಲ್ಲ ಗೊತ್ತು, ಮೊದಲ ಮೂರರಲ್ಲಿ ಬಂದ್ರೆ ರೈಲ್ವೇ, ಪೊಲೀಸು, ಮಿಲಿಟರಿ, ಸ್ಪೋರ್ಟ್ಸ್ ಕೋಟಾ, ಕಾಲೇಜ್ ಸೀಟು. ನಾಲ್ಕನೇ ಸ್ಥಾನಕ್ಕೆ ಬಂದ್ರೆ ಭಾಗವಹಿಸಿದ ಪ್ರಮಾಣಪತ್ರ ಮತ್ತು ಬಸ್ ಚಾರ್ಜು, ಅದೂ ಪಿಟಿ ಮೇಷ್ಟ್ರು ಕೈಯಿಂದ ಹಾಕಿದ್ರೆ. ಎರಡರ ನಡುವೆ ಇರೋ ವ್ಯತ್ಯಾಸ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ, ಆ ಹತ್ತನೇ ಒಂದು ಭಾಗಕ್ಕೆ ಸರ್ಕಾರ ಒಂದು ಜೀವಮಾನದ ಪಿಎಫ್ ಇಟ್ಟಿದೆ. ಇಟ್ಟು, ಆಮೇಲೆ ಉದ್ಘಾಟನೆಗೆ ಬಂದ ಶಾಸಕರ ಬಾಯಲ್ಲಿ ಸೋಲು ಗೆಲುವು ಮುಖ್ಯವಲ್ಲ ಮಕ್ಕಳೇ, ಭಾಗವಹಿಸೋದು ಮುಖ್ಯ ಅಂತ ಭಾಷಣ ಮಾಡಿಸತ್ತೆ. ಎಲೆಕ್ಷನ್‌ನಲ್ಲಿ ಅವರು ಬರೀ ಭಾಗವಹಿಸಿ ಮನೇಗ್ ಹೋಗಿದ್ದು ನಾನಂತೂ ನೋಡಿಲ್ಲ.

ಇದರಲ್ಲಿ ನಗೋ ವಿಷಯ ಅಲ್ಲದ್ದೂ ಒಂದಿದೆ. ನಮ್ಮ ಕುಂದಾಪುರ ಕಡೆ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿ ಕಾಮನ್‌ವೆಲ್ತ್‌ನಲ್ಲಿ ರಿಲೇ ಚಿನ್ನ, ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ, ರಿಲೇ ಚಿನ್ನ ತಂದಾಗ ಇಡೀ ಕರಾವಳಿ ಕುಣಿದಿತ್ತು. 2011ರಲ್ಲಿ ಸ್ಟೀರಾಯ್ಡ್ ಪಾಸಿಟಿವ್ ಬಂತು, ಅವಳ ಜೊತೆ ರಿಲೇ ಓಡಿದ ಇನ್ನಿಬ್ಬರಿಗೂ ಬಂತು. ಉಕ್ರೇನ್‌ನಿಂದ ಬಂದಿದ್ದ ಕೋಚು ತಂದುಕೊಟ್ಟ ಜಿನ್‌ಸೆಂಗ್ ಅನ್ನೋ ಗಿಡಮೂಲಿಕೇಲಿ ಇತ್ತು, ನಮಗೆ ಗೊತ್ತಿರಲಿಲ್ಲ ಅಂದ್ರು ಹುಡುಗೀರು. ಕೋಚನ್ನ ತೆಗೆದು ಹಾಕಿದ್ರು. ಹುಡುಗೀರಿಗೆ ಎರಡು ವರ್ಷ ನಿಷೇಧ. ಕ್ಯಾಂಪ್ ನಡೆಸ್ತಿದ್ದ ದೊಡ್ಡೋರ ಪೈಕಿ ಯಾರ ಮೂತ್ರವನ್ನೂ ಯಾರೂ ಕೇಳಲಿಲ್ಲ. ಇವತ್ತಿಗೂ ಹಾಗೇ. ಬಾಟ್ಲಿ ಹಿಡಿದು ನಿಲ್ಲೋದು ಯಾವಾಗ್ಲೂ ಓಡೋ ಮಕ್ಕಳೇ, ಯಾಕಂದ್ರೆ ಪುಡಿ ಕೊಟ್ಟ ಜಿಮ್ ಅಣ್ಣ, ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ದೆ ಇಂಜೆಕ್ಷನ್ ಕೊಟ್ಟವನು, ಈ ಸಲ ಮೆಡಲ್ ಬರ್ಲಿಲ್ಲ ಅಂದ್ರೆ ಮನೇಗ್ ಬರ್ಬೇಡ ಅಂದ ಅಪ್ಪ, ಇವರ್ಯಾರೂ ಟ್ರ್ಯಾಕ್ ಮೇಲೆ ಇರಲ್ಲ.

ಇನ್ನೊಂದು ಕಡೆ ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಇದ್ದಾರೆ, ಇವರ ಕತೆ ಸ್ಪೋರ್ಟ್ಸ್ ಕೋಟಾ ದೃಷ್ಟಿಯಿಂದ ತುಂಬಾ ನಷ್ಟದ್ದು. 1980, ಮುಂಬೈ ವಾಂಖೆಡೆ, ಇಂಗ್ಲೆಂಡ್ ವಿರುದ್ಧ ಸುವರ್ಣ ಮಹೋತ್ಸವ ಟೆಸ್ಟು, ವಿಶ್ವನಾಥ್ ಕ್ಯಾಪ್ಟನ್. ಇಂಗ್ಲೆಂಡ್‌ನ ಐದು ವಿಕೆಟ್ 58ಕ್ಕೆ ಬಿದ್ದಿತ್ತು, ಆಮೇಲೆ ಬಾಬ್ ಟೇಲರ್‌ಗೆ ಕೀಪರ್ ಕ್ಯಾಚ್ ಅಂತ ಅಂಪೈರ್ ಔಟ್ ಕೊಟ್ರು. ಸ್ಲಿಪ್‌ನಲ್ಲಿ ನಿಂತಿದ್ದ ವಿಶ್ವನಾಥ್‌ಗೆ ಬ್ಯಾಟಿಗೆ ತಾಗಿಲ್ಲ ಅಂತ ಗೊತ್ತಿತ್ತು, ಹೋಗಿ ಅಂಪೈರ್‌ಗೆ ಹೇಳಿ ವಾಪಸ್ ಕರೆಸಿದ್ರು. ಟೇಲರ್ ಬೋಥಮ್ ಜೊತೆ ಸೇರ್ಕೊಂಡು 171 ರನ್ ಜೊತೆಯಾಟ ಆಡಿದ, ನಾವು ಹತ್ತು ವಿಕೆಟ್‌ನಿಂದ ಸೋತ್ವಿ. ಇವತ್ತು ಅವರು ಕೆಲಸಕ್ಕೆ ಅರ್ಜಿ ಹಾಕಿದ್ರೆ ಕೌಂಟರ್‌ನಲ್ಲಿರೋ ಕ್ಲರ್ಕು ಏನಂತಾನೆ ಯೋಚನೆ ಮಾಡಿ. ಸಾರ್, ಗೆದ್ದಿದ್ದಕ್ಕೆ ಕಾಲಂ ಇದೆ, ರನ್ನರ್ ಅಪ್‌ಗೆ ಕಾಲಂ ಇದೆ, ಔಟಾದವನ್ನ ವಾಪಸ್ ಕರೆದಿದ್ದಕ್ಕೆ ಕಾಲಂ ಇಲ್ವಲ್ಲ ಸಾರ್, ಯಾರಿಂದಾದ್ರೂ ಗೆಜೆಟೆಡ್ ಸೈನ್ ಮಾಡಿಸ್ಕೊಂಡು ಬನ್ನಿ ನೋಡೋಣ. ಅವರು ಕ್ಯಾಪ್ಟನ್ ಆಗಿದ್ದು ಎರಡೇ ಟೆಸ್ಟಿಗೆ, ಅದರಲ್ಲಿ ಇದೇ ಕೊನೇದು. ನಲವತ್ತೈದು ವರ್ಷ ಆದ್ಮೇಲೂ ಆ ಟೆಸ್ಟ್ ಅಂದ್ರೆ ಈ ಕಡೆಯೋರಿಗೆ ಜ್ಞಾಪಕ ಬರೋದು ಗೆದ್ದವರಲ್ಲ, ಸೋತ ವಿಶಿನೇ, ಆದ್ರೆ ಅದನ್ನ ಅಟೆಸ್ಟ್ ಮಾಡಿಸಕ್ಕಾಗಲ್ವಲ್ಲ.

ಮುಂದೆ ನಮ್ಮ ಪ್ಲಾನ್ ದೊಡ್ಡದಿದೆ. 2030ರ ಕಾಮನ್‌ವೆಲ್ತ್ ಗೇಮ್ಸ್ ಅಹಮದಾಬಾದ್‌ಗೆ ಬಂದಾಯ್ತು, 2036ರ ಒಲಿಂಪಿಕ್ಸ್ ನಮಗೇ ಕೊಡಿ ಅಂತ ಪತ್ರಾನೂ ಬರೆದಾಗಿದೆ. ಆತಿಥೇಯ ದೇಶಕ್ಕೆ ಹೊಸ ಆಟ ಸೇರಿಸಿ ಅಂತ ಕೇಳೋ ಅವಕಾಶ ಇರತ್ತೆ, ಎಲ್ರೂ ಕಬಡ್ಡಿ ಖೋಖೋ ಅಂತಿದ್ದಾರೆ, ನನ್ನ ಕೇಳಿದ್ರೆ ನಾವು ಪಕ್ಕಾ ಗೆಲ್ಲೋ ಆಟ ಸೇರಿಸ್ಬೇಕು. ಫಿನಿಶಿಂಗ್ ಲೈನ್‌ನಿಂದ ಸ್ಟಾರ್ಟ್, ಗನ್ ಬದಲು ಡೋಪಿಂಗ್ ಆಫೀಸರ್ ಒಳಗೆ ಬರ್ಬೇಕು, ಸ್ಟೇಡಿಯಂ ಗೇಟು ದಾಟಿ ಆಟೋ ಹಿಡಿದವನು ಮೊದಲು. ಚಿನ್ನ, ಬೆಳ್ಳಿ, ಕಂಚು ಮೂರೂ ನಮ್ದೇ. ಒಂದೇ ಸಮಸ್ಯೆ ಏನಂದ್ರೆ, ಪದಕ ಕೊಡಕ್ಕೆ ಯಾರೂ ಸಿಗಲ್ಲ.

ಮೊನ್ನೆ ನಮ್ಮ ಏರಿಯಾದ ಗ್ರೌಂಡಲ್ಲಿ ಬೆಳಗ್ಗೆ ಮಕ್ಕಳಿಗೆ ಓಟ ಕಲಿಸೋ ಮೇಷ್ಟ್ರ ಹತ್ರ ಇದೇ ವಿಷಯ ಮಾತಾಡ್ತಿದ್ದೆ. ಹೊಸದಾಗಿ ಸೇರೋ ಅಪ್ಪ ಅಮ್ಮಂದಿರು ಮುಂಚೆ ಎಲ್ಲ ಶೂ ಯಾವ್ದು ತಗೊಳ್ಳೋಣ, ಹಾಲಿಗೆ ಎಷ್ಟು ಬಾದಾಮಿ ಹಾಕೋಣ ಅಂತ ಕೇಳೋರಂತೆ. ಈಗ ಒಬ್ರು ಹುಡುಗನ್ನ ವಾರ್ಮ್‌ಅಪ್‌ಗೆ ಕಳಿಸಿ, ಪಕ್ಕಕ್ಕೆ ಕರ್ಕೊಂಡು ಹೋಗಿ, ತುಂಬಾ ಮರ್ಯಾದೆಯಿಂದ ಕೇಳಿದ್ರಂತೆ, "ಸಾರ್, ಈ ವರ್ಷ ನಾಡಾದವರು ಬರದೇ ಇರೋ ಮೀಟು ಯಾವ್ಯಾವ್ದಿದೆ ಅಂತ ಒಂದು ಲಿಸ್ಟ್ ವಾಟ್ಸಾಪ್ ಮಾಡ್ತೀರಾ?"